ಒರಸದs ತಂದ ಪೆಟ್ಟಿಗಿ

ಸಗರದಾಗ ಕೀಬೋರ್ಡ್ ಬಾರಸಾಂವ ನಮ್ಮ ಕಾಕನ ಮಗ ಸುನೀಲಕುಮಾರ ಅದಾನಲ್ಲ... ಅವನ ಮನ್ಯಾಗ ನಡದದ್ದಿದು. ನಗಬ್ಯಾಡ್ರಿ.

ಹೋದ ಮಾಘ ಮಾಸ. ರಾತ್ರಿ ಹನ್ನೊಂದು. ಹೆಗಲ ಮ್ಯಾಲ ಕಬ್ಬಣದ ಪೆಟ್ಟಿಗಿ ಹೊತ್ತು ಊರ ಬಾವಿ ದಾಟಾಕತ್ತಿದ್ದ. ಮೈಕ್‌ಸೆಟ್ ಬಾಡಿಗಿ ಕೊಡ್ತಿದ್ದ ಮರಿಲಿಂಗಪ್ಪನ ಆಂಪ್ಲಿಫೈಯರ್ ಅದು, ಗಾಜಿನ ಬುರುಡಿಯಂಥ ವಾಲ್ವಿನ ಹಳೇ ಕಾಲದ್ದು. ಮರಿಲಿಂಗಪ್ಪ ಸತ್ತು ಐದು ದಿನ ಆಗಿತ್ತು. ಇದ್ದಾಗ ತಂಬಾಕು ಅಗದು, ಎದ್ದು ಹೊರಗ ಹೋಗಾಕ ಮೈಗಳ್ಳತನ ಮಾಡಿ, ಅದರ ಮುಂದಿನ ತೂತಿನ ಜಾಳಗಿಯೊಳಗs ಉಗುಳ್ತಿದ್ದ. ಥೂ! ಹೇಳಾಕ ನನಗs ಹೇಸಿಕಿ ಬರ್ತದ.

ಪೆಟ್ಟಿಗಿ ಕೊಡುವಾಗ ಅವನ ಹೆಂಡತಿ ದೇವಕಮ್ಮ ಪಿಸುಗುಟ್ಟಿದ್ಳು, “ಸತ್ತವರ ಸಾಮಾನದಪ್ಪ. ಬಾವಿ ಕಟ್ಟಿ ಮ್ಯಾಲಿಟ್ಟು ಒದ್ದಿ ಅರಬೀಲೆ ಒರಸು. ಆಮ್ಯಾಲ ಮನಿಗಿ ಒಯ್ಯಿ.”

“ಹೂಂ ಬೇ.”

ಒರಸಲಿಲ್ಲ. ಕೀಬೋರ್ಡಿನ ದನಿ ತೊಳದಿಟ್ಟ ತಾಟಿನಂಗ ನುಣುಪು ಅಂತ ಅವಗ ಮದಲs ಸಿಟ್ಟು. ಹಳೇ ವಾಲ್ವಿನೊಳಗ ಅದನ್ನ ಹಾಯಿಸಿ ವಾಲ್ಯೂಮ್ ತುದೀತನಕ ತಿರುವಿದ್ರ ದನಿ ಹರೀತದ, ಖರಖರ ಅಂತದ, ಜೀವ ಬರ್ತದ. ಆ ಗುಣ ಹೊಲಸಿನಾಗs ಅದ, ಒರಸಿದ್ರ ಹೋಗ್ತದಂತ! ಎಂಥಾ ಶಾಣ್ಯಾ ನೋಡ್ರಿ.

ಮನ್ಯಾಗ ಹೆಂಡತಿ ಮಲ್ಲೇಶ್ವರಿ ಕಾದು ಕುಂತಿದ್ಳು. ಅವ್ವನಿಂದ ಕಲ್ತ ಬೀಸೋ ಪದ, ಆಕಿ ಮೊದಲನೇ ರೆಕಾರ್ಡಿಂಗ್. ಮುಂಜಾನಿ ಯಾದಗಿರಿಯ ಹಾಡಿನ ಮೇಳದವರಿಗಿ ಕಳಸಬೇಕು. ಅವರು ಒಪ್ಪಿದ್ರ ಆಕಿ ಹಾಡಾಕಿ ಆಗ್ತಾಳ. ಹೊಲದ ಕೂಲಿ ತಪ್ಪತದ.

ಮೊಬೈಲಿನಾಗ ರೆಕಾರ್ಡಿಂಗ್ ಹಚ್ಚಿ, ಪೆಟ್ಟಿಗಿ ಸ್ವಿಚ್ ಹಾಕಿದ. ಟಿಕ್... ವಾಲ್ವು ಕೆಂಪಾದವು. ಗುಂಂಂ... ಎಂಜಲಾ ಸುಟ್ಟ ವಾಸನಿ. ಮಲ್ಲೇಶ್ವರಿ ಮೂಗಿಗಿ ಸೆರಗು ಹಿಡದ್ಳು.

“ಒರಸೀರೇನ್ರಿ?”

“ಸುಮ್ನ ಹಾಡು.”

ಮೊದಲನೇ ನುಡಿ ಬಂಗಾರದಂಗ ಬಂತು. ಸುನೀಲಕುಮಾರನ ಮೈ ಝುಂ ಅಂತು. ಎರಡನೇ ನುಡಿಗಿ ಅವನು ಕೀಬೋರ್ಡ್ ಮುಟ್ಟೇ ಇರಲಿಲ್ಲ...

ಖ್ಯಾಕ್... ಗಳಗಳ... ಪಿಚಕ್.

ವೈರ್ ಕಿತ್ತಿದ. ಗಳಗಳ... ಪ್ಲಗ್ ಕಿತ್ತಿದ. ವಾಲ್ವು ಆರಿದವು.

ಖ್ಯಾಕ್...

ಜಾಳಗಿಯೊಳಗಿಂದ ಕಂದು ರಸ ಇಳೀತು. ಹಸೀದು, ಬೆಚ್ಚಂದು. ತಡಿಯಾಕ ಹೋದವನ ಬೆರಳಿಗಿ ಲೋಳಿ ಲೋಳಿ ಅಂಟಿತು. ಮಲ್ಲೇಶ್ವರಿ ಚೀರಾಕಂತ ಬಾಯಿ ತೆಗದ್ಳು. ದನಿ ಬರಲಿಲ್ಲ. ಯಾರೋ ಅಗದ ತಂಬಾಕು ನಾಲಗಿ ಮ್ಯಾಲ ಇಟ್ಟಂಗಾತು. ಬಚ್ಚಲಕ್ಕ ಓಡಿದಾಕಿ ಬೆಳತನಕ ಕಾರಿಕೊಂಡ್ಳು.

ಕೆಟ್ಟ ಮ್ಯಾಲ ಬುದ್ಧಿ ಬಂತು. ನಸಿಕಿನ್ಯಾಗ ಪೆಟ್ಟಿಗಿ ಒರಸಿ, ದೇವಕಮ್ಮಗ ವಾಪಸ್ ಕೊಟ್ಟು, ಹಾಡು ಅಳಿಸಿದ. ಯಾದಗಿರಿಗಿ ಏನೂ ಹೋಗಲಿಲ್ಲ. ಮಲ್ಲೇಶ್ವರಿ ಈಗ ಮಾತಾಡ್ತಾಳ, ಆದ್ರ ಹಾಡಂಗಿಲ್ಲ. ಪದ ಎತ್ತಿಕೊಂಡ್ರ ಬಾಯಾಗ ಆ ತಂಬಾಕಿನ ರುಚಿ ಬರ್ತದಂತ. ಕೂಲಿಗಿ ಹೋಗ್ತಾಳ, ಪಾಪ.

ಅಳಿಸೂದಕ್ಕಿಂತ ಮುಂಚೆ ಆ ಮೊದಲನೇ ನುಡಿ ನನಗ ಕಳಿಸಿದ್ದ. ನನ್ನ ಮೊಬೈಲಿನಾಗ ಅದ. ಏನ್ ದನಿ ಅಂತೀರಿ! ಆದ್ರ ಹಚ್ಚಿದ ಗಳಿಗಿಗೆ ನೊಣ ಬರ್ತಾವು. ನಡುರಾತ್ರಿ... ಬಾಗಲಾ ಹಾಕಿದ್ರೂ. ಬ್ಯಾರೆ ಹಾಡಿಗಿ ಬರಂಗಿಲ್ಲ. ನಾನು ಸುಳ್ಳಾಡಿದ್ರ ನನ್ನ ನಾಲಗಿ ಬೀಳಲಿ, ಈ ಕಣ್ಣಿಲೆ ನೋಡೀನಿ... ಸ್ಪೀಕರಿನ ತೂತಿನ ಸುತ್ತ ಕುಂತು ಮುಂಗಾಲು ಉಜ್ಜತಾವು.