ಒಂದು ಬೆರಳಿನ ಬಾಗಿಲು

ಅಧ್ಯಕ್ಷರಾದ ಕಶಿವಾಗಿಯವರೇ, ಪರೀಕ್ಷಕರೇ, ನಮ್ಮ ಕಾಮೋ ಊರಿನ ಬಾಗಿಲು ಕೆಲಸದ ಹಿರಿಯರೇ, ಸಭಿಕರೇ,

ನನಗೆ ಮಾತು ಬರುವುದಿಲ್ಲ. ಬಂದಿದ್ದರೆ ಮರದ ಕೆಲಸಕ್ಕೆ ಬರುತ್ತಿದ್ದೆನೇ?

ಅಮ್ಮ ತೀರಿಕೊಂಡ ವರ್ಷ ಒಬ್ಬಳೇ ಈ ಊರಿಗೆ ಬಂದೆ. ಮನೆ ಬದಲಾಯಿಸಿದವರೆಲ್ಲ ಮಾಡುವಂತೆ ನೆರೆಹೊರೆಗೆ ಕಾರ್ಡು ಹಾಕಿದೆ. ಕೊನೆಯಲ್ಲಿ ಎಲ್ಲರೂ ಬರೆಯುವ ಸಾಲನ್ನೇ ಬರೆದೆ: 'ಅಸೋಬಿಗೆ ಬನ್ನಿ, ಅಂದರೆ ನಮ್ಮಲ್ಲಿ ಆಡಲು ಬನ್ನಿ.' ಹಾಗೆ ಬರೆದವರ ಮನೆಗೆ ಯಾರಾದರೂ ನಿಜವಾಗಿ ಹೋಗುತ್ತಾರೆಯೇ? ನೀವು ಹೋಗಿದ್ದೀರಾ?

ಒಬ್ಬರು ಬಂದೇಬಿಟ್ಟರು. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಾರಲ್ಲ, ತೊದೊರೊಕಿ ಅಜ್ಜ, ಅವರೇ. ಅದು ನಿದ್ದೆಯಲ್ಲ, ನಾಚಿಕೆ. ಮಳೆಗಾಲಕ್ಕೆ ಉಬ್ಬಿದ ನನ್ನ ಜಾರುಬಾಗಿಲನ್ನು ನಾನು ಒಳಗಿನಿಂದ ಎಳೆಯುತ್ತಿದ್ದೆ, ಅವರು ಹೊರಗಿನಿಂದ.

"ಏನಮ್ಮಾ, ಆಡೋಕೆ ಬನ್ನಿ ಅಂತ ಕರೀತೀಯ, ಬಾಗಿಲೇ ತೆಗೆಯಲ್ವಲ್ಲ!"

"ಎಳೀತಾ ಇದೀನಿ ಅಜ್ಜಾ, ಬರ್ತಾ ಇಲ್ಲ!"

"ಬಿಡು ಬಿಡು. ಇದರಲ್ಲಿ ಅಸೋಬಿನೇ ಇಲ್ಲ. ಮರಕ್ಕೂ ಸ್ವಲ್ಪ ಆಡೋಕೆ ಜಾಗ ಬೇಡ್ವಾ?"

ತಂದಿದ್ದ ಹಣ್ಣುಗಳನ್ನು ಮೆಟ್ಟಿಲ ಮೇಲಿಟ್ಟು ಹೋದವರು ಉಜ್ಜುಗೊರಡು ಹಿಡಿದು ಬಂದರು. ಮರುವಾರ ನಾನು ಅವರು ಬಾಗಿಲು ಮಾಡುವ ಕೊಟ್ಟಿಗೆಗೆ ಆಡಲು ಹೋದೆ. ಹೋದವಳು ಆರು ವರ್ಷವಾದರೂ ಹಿಂತಿರುಗಿಲ್ಲ.

ಬಾಗಿಲು ಕೆಲಸದ ಈ ಪರೀಕ್ಷೆಯಲ್ಲಿ ನಾನು ಎರಡು ಸಲ ಬಿದ್ದೆ. ಕೂದಲೂ ತೂರದಷ್ಟು ಬಿಗಿಯಾಗಿ ಕೂರಿಸುವುದೇ ಕುಶಲತೆ ಎಂದುಕೊಂಡಿದ್ದೆ. ಸಂಜೆಯ ಮಳೆಗಾಳಿಗೆ ಎರಡು ಸಲವೂ ಬಾಗಿಲು ಕಚ್ಚಿಕೊಂಡಿತು. ಅಜ್ಜನಿಗೆ ಆಗಲೇ ಎಂಬತ್ತೊಂದು. "ಈ ಸಲಾನೂ ಬಿದ್ರೆ ಬೋರ್ಡು ಇಳಿಸ್ತೀನಿ ಕಣೇ. ನನ್ನ ಮಂಡಿ ಇನ್ನೊಂದು ವರ್ಷ ಕಾಯಲ್ಲ," ಎಂದರು. ಅವರ ತಾತ ಬರೆದ ಅಂಗಡಿ ಬೋರ್ಡು ಅದು.

ಮೂರನೆಯ ಸಲ, ಕೈ ಬೇಡವೆಂದರೂ, ಇನ್ನೊಂದು ಸುತ್ತು ಉಜ್ಜಿದೆ. ನೋಡಿದವರು ಸಡಿಲವೆಂದು ನಕ್ಕರು. ಸಂಜೆ ಮಳೆ ಬಂತು. ಪರೀಕ್ಷಕರು ಕಿರುಬೆರಳಿಟ್ಟರು. ಬಾಗಿಲು ಜಾರಿತು, ಸದ್ದಿಲ್ಲದೆ, ಕೊನೆಯವರೆಗೆ!

ಬೋರ್ಡು ಇಳಿಯಲಿಲ್ಲ, ಸಭಿಕರೇ. ನಿನ್ನೆ ಅಜ್ಜ ಅದನ್ನು ಒರೆಸಿ, ತಮ್ಮ ಮನೆತನದ ಹೆಸರಿನ ಕೆಳಗೆ ನನ್ನ ಹೆಸರು ಬರೆದರು: ನಾತ್ಸುಮೆ. ಅಕ್ಷರ ಸ್ವಲ್ಪ ಸೊಟ್ಟ. ಇರಲಿ, ಅಷ್ಟು ಅಸೋಬಿ ಇರಲಿ.

ಸನ್ಮಾನಿಸಿದ ನಿಮಗೆಲ್ಲ ವಂದನೆ. ನಮ್ಮಲ್ಲಿಗೆ ಆಡಲು ಬನ್ನಿ. ಇದು ಕಾರ್ಡಿನ ಮಾತಲ್ಲ. ಚಹಾ ಇಟ್ಟಿರುತ್ತೇನೆ, ಬಾಗಿಲು ಒಂದು ಬೆರಳಿಗೆ ತೆರೆದುಕೊಳ್ಳುತ್ತದೆ. ಎಲ್ಲರಿಗೂ ನಮಸ್ಕಾರ. ಅಜ್ಜಾ, ಇನ್ನು ಕಣ್ಣು ಬಿಡಿ.