ಲಾಂಡ್ರಿಯ ತಾರಸಿಗೆ ಡ್ರೋನ್ ಇಳಿಸಿದ ಬಗ್ಗೆ

ನನ್ನ ಹೆಸರು, ತಂದೆಯ ಹೆಸರು, ಮನೆ ನಂಬರನ್ನು ಗುರುತಿನ ಚೀಟಿ ನೋಡಿ ಈ ಪುಟದ ತಲೆಯಲ್ಲಿ ಬರೆದುಕೊಂಡಿದ್ದಾರೆ. ವಯಸ್ಸು 56. ಉದ್ಯೋಗ: ಕಬ್ಬಿಣದ ತಗಡಿನ ಗೋದಾಮಿನಲ್ಲಿ ಕ್ರೇನ್ ಆಪರೇಟರ್, 24 ವರ್ಷದ ಸೇವೆ. ಠಾಣೆಯ ರೈಟರ್ ಅವರು ಮೊದಲು ‘ಗೃಹಿಣಿ’ ಎಂದು ಬರೆದಿದ್ದರು, ನಾನು ಹೇಳಿದ ಮೇಲೆ ಹೊಡೆದುಹಾಕಿ ಸರಿಯಾಗಿ ಬರೆದಿದ್ದಾರೆ. ಗೋದಾಮಿನಲ್ಲಿ ನನ್ನನ್ನು ಎಲ್ಲರೂ ಕ್ರೇನಕ್ಕ ಎನ್ನುತ್ತಾರೆ. ಯಾರೂ ಕರೆಯದಿದ್ದರೂ ನಾನಾಗಿಯೇ ಠಾಣೆಗೆ ಬಂದು, ನನ್ನ ಬಾಯಿಂದಲೇ ತಿಳಿಸುವುದೇನೆಂದರೆ:

ಇದೇ ತಿಂಗಳ 14ನೇ ತಾರೀಖು ಶನಿವಾರ ಬೆಳಿಗ್ಗೆ 10-40ಕ್ಕೆ ನಮ್ಮ ಮನೆಯ ಡ್ರೋನ್ ಹಿಂದಿನ ಬೀದಿಯ ಲಾಂಡ್ರಿಯ ತಾರಸಿಯ ಮೇಲೆ ಬಿದ್ದು, ಅಲ್ಲಿನ ಸೋಲಾರ್ ವಾಟರ್ ಹೀಟರಿನ ಹದಿನೈದು ಗಾಜಿನ ಟ್ಯೂಬುಗಳಲ್ಲಿ ಒಂಬತ್ತು ಒಡೆದವು. ಲಾಂಡ್ರಿಯವರು ಅದೇ ದಿನ ಇಲ್ಲಿ ದೂರು ಕೊಟ್ಟರು. 16ನೇ ತಾರೀಖು ನನ್ನ ಗಂಡ ಇದೇ ಠಾಣೆಗೆ ಬಂದು, ಡ್ರೋನನ್ನು ತಾನೇ ಹಾರಿಸುತ್ತಿದ್ದೆ, ಕೈತಪ್ಪಿ ಬಿತ್ತು ಎಂದು ಹೇಳಿಕೆ ಕೊಟ್ಟಿದ್ದಾರೆ. ಅದು ಸುಳ್ಳು. ಹಾರಿಸುತ್ತಿದ್ದವಳು ನಾನು. ಕೈಯೂ ತಪ್ಪಲಿಲ್ಲ. ನೋಡಿ, ಗೊತ್ತಿದ್ದು, ಬೇಕೆಂದೇ ಅಲ್ಲಿ ಇಳಿಸಿದೆ. ಹೀಗೆ ಬರೆಸಿದರೆ ಡ್ರೋನಿನ ವಿಮೆಯವರು ಬಿಡಿಗಾಸೂ ಕೊಡುವುದಿಲ್ಲ, ಬೇಕೆಂದೇ ಹಾನಿ ಮಾಡಿದ ಕಲಂ ನನ್ನ ಮೇಲೆ ಬೀಳಬಹುದು ಎಂದು ರೈಟರ್ ಅವರು ಎರಡು ಸಲ ಎಚ್ಚರಿಸಿದರು. ಎರಡು ಸಲವೂ ನಾನು ಬರೀರಿ ಅಂದೆ.

ನನ್ನ ಗಂಡ ಗ್ರಂಥಾಲಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ವಯಸ್ಸು 61. ಡ್ರೋನ್ ತಂದವರು ಅವರೇ, ಎರಡು ವರ್ಷದ ಹಿಂದೆ. ಮೊದಲ ದಿನವೇ ನಾಲ್ಕು ಮೀಟರ್ ದೂರದಲ್ಲಿದ್ದ ನಮ್ಮದೇ ನೀರಿನ ಟ್ಯಾಂಕಿಗೆ ಹೊಡೆಸಿದರು. ಗಾಳಿ ಸರಿಯಿರಲಿಲ್ಲ ಎಂದರು. ಆ ದಿನ ತಂತಿಯ ಮೇಲಿನ ಕರ್ಚೀಫೂ ಅಲ್ಲಾಡುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾರನೆಯ ದಿನದಿಂದ ರಿಮೋಟ್ ನನ್ನ ಕೈಗೆ ಬಂತು. ಮೂರು ಟನ್ ತಗಡಿನ ಕಟ್ಟನ್ನು ಲಾರಿಯ ಮೇಲೆ ಎರಡು ಬೆರಳಿನ ಸಂದಿನಲ್ಲಿ ಕೂರಿಸುವವಳಿಗೆ ಊಟದ ತಟ್ಟೆಯಷ್ಟಗಲದ ಡ್ರೋನ್ ಏನು ದೊಡ್ಡದು? ನಾನು ಹಾರಿಸುತ್ತೇನೆ, ಅವರು ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ವಿವರಿಸುತ್ತಾರೆ. ಹವ್ಯಾಸಿಗಳ ಕ್ಲಬ್ಬಿನಲ್ಲಿ ಸದಸ್ಯರೂ ಅವರೇ. ಹೋದ ವರ್ಷ ಹಳೇ ಗಡಿಯಾರ ಗೋಪುರದ ಸುತ್ತ ತೆಗೆದ ಚಿತ್ರಕ್ಕೆ ಕ್ಲಬ್ಬಿನವರು ಅವರಿಗೆ ಕಪ್ ಕೊಟ್ಟರು. ನಾನು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಅವತ್ತು ನನಗೆ ನಗು ಬಂದಿತ್ತು.

ವಿಮೆ ಮಾಡಿಸಿದ್ದು ಆರು ತಿಂಗಳ ಹಿಂದೆ. ನನ್ನ ನಾದಿನಿಯ ಮಗ ವಿಮೆ ಏಜೆಂಟ್. ಫಾರಂ ತಂದು ಊಟದ ಮೇಜಿನ ಮೇಲೆ ಹರಡಿ, ಮೂರು ಬಗೆಯಿವೆ ಎಂದು ವಿವರಿಸಿದ. ಮಾಲೀಕರು ಮಾತ್ರ ಹಾರಿಸುವುದಾದರೆ ಒಂದು, ಮನೆಯವರೂ ಹಾರಿಸುವುದಾದರೆ ಇನ್ನೊಂದು, ಕ್ಲಬ್ಬಿನ ಮೂಲಕ ಎಲ್ಲರಿಗೂ ಸೇರಿಸಿ ಮಾಡಿಸುವುದಾದರೆ ಮತ್ತೊಂದು. ಡ್ರೋನ್ ಬಿದ್ದು ಬೇರೆಯವರಿಗೆ ನಷ್ಟವಾದರೆ ಮೂರರಲ್ಲೂ ಕಟ್ಟಿಕೊಡುತ್ತಾರೆ, ಆದರೆ ರಿಮೋಟ್ ಹಿಡಿದವರ ಹೆಸರು ಪಾಲಿಸಿಯಲ್ಲಿ ಇರಲೇಬೇಕು ಎಂದ. ನಾನು ಎರಡನೆಯದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಎರಡು ಗಂಟೆಯ ಪಾಳಿಗೆ ಹೋದೆ. ನಾನು ಹೋದ ಮೇಲೆ ನನ್ನ ಗಂಡ ಅದನ್ನು ರಬ್ಬರಿನಿಂದ ಒರೆಸಿ, ಮೊದಲನೆಯದಕ್ಕೆ ಪೆನ್ನಿನಲ್ಲಿ ಗುರುತು ಹಾಕಿದ್ದಾರೆ. ಇನ್ಯಾರು ಹಾರಿಸ್ತಾರೋ, ನಿಮ್ಮತ್ತೆ ಸುಮ್ನೆ ಪಕ್ಕದಲ್ಲಿ ನಿಂತ್ಕೊತಾಳೆ ಅಂದರಂತೆ. ಇದು ನನಗೆ ಗೊತ್ತಾದದ್ದು ಡ್ರೋನ್ ಬಿದ್ದ ಮೇಲೆ.

14ರಂದು ನನಗೆ ವಾರದ ರಜೆ. 10-30ಕ್ಕೆ ನಮ್ಮ ತಾರಸಿಯಿಂದ ಡ್ರೋನ್ ಏರಿಸಿದೆ. ಕ್ರೇನಿನಲ್ಲಿ ನಮಗೆ ಮೊದಲು ಕಲಿಸುವ ಪಾಠವೆಂದರೆ, ಲೋಡು ಎತ್ತುವ ಮೊದಲೇ, ಕೆಟ್ಟರೆ ಎಲ್ಲಿ ಹಾಕಬೇಕು ಎಂದು ನೋಡಿಟ್ಟುಕೊಳ್ಳುವುದು. ಕೆಟ್ಟ ಮೇಲೆ ಹುಡುಕಲು ಹೊತ್ತು ಸಿಗುವುದಿಲ್ಲ. ಆ ದಿನವೂ ಸುತ್ತ ನೋಡಿದೆ. ಬಲಕ್ಕೆ ವಿದ್ಯುತ್ ತಂತಿ. ಕೆಳಗೆ ಹದಿನಾಲ್ಕು ಅಡಿಯ ಓಣಿ, ಅಲ್ಲಿ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಹನ್ನೊಂದು ಜನ ಸಾಲು ನಿಂತಿದ್ದರು, ಒಬ್ಬಾಕೆಯ ಹೆಗಲ ಮೇಲೆ ಮಗು ಮಲಗಿತ್ತು. ಓಣಿಯ ಆಚೆ ಲಾಂಡ್ರಿ. ಅದರ ಅರ್ಧಭಾಗಕ್ಕೆ ಬರೀ ಶೀಟು, ಶೀಟಿನ ಕೆಳಗೆ ನಾಲ್ಕು ಜನ ಇಸ್ತ್ರಿ ಮಾಡುತ್ತಾರೆ. ಉಳಿದರ್ಧ ಗಟ್ಟಿ ತಾರಸಿ, ಅಲ್ಲಿದ್ದದ್ದು ಹೀಟರ್ ಒಂದೇ, ನರಪಿಳ್ಳೆಯೂ ಇರಲಿಲ್ಲ. ಕೆಟ್ಟರೆ ಹೀಟರಿನ ಮೇಲೆ ಎಂದು ಏರಿಸುವಾಗಲೇ ತೀರ್ಮಾನಿಸಿದೆ.

10-40ಕ್ಕೆ, 38 ಮೀಟರ್ ಎತ್ತರದಲ್ಲಿ, ಒಂದು ರೆಕ್ಕೆ ಸೀಳಿತು. ಡ್ರೋನ್ ನಡುಗುತ್ತ ಸರಿಯಾಗಿ ಆ ಸಾಲಿನ ಕಡೆಗೆ ವಾಲಿತು. ಪಕ್ಕದಲ್ಲಿದ್ದ ನನ್ನ ಗಂಡ ಅಯ್ಯಯ್ಯೋ ಎನ್ನುತ್ತ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ರಿಮೋಟಿನ ಎಡಗೋಲನ್ನು ಪೂರ್ತಿ ಮೇಲೊತ್ತಿ, ಬಲಗೋಲನ್ನು ಎಳೆದು ಹಿಡಿದು, ಸುಮಾರು ಏಳು ಸೆಕೆಂಡಿನಲ್ಲಿ ಓಣಿ ದಾಟಿಸಿ ಹೀಟರಿನ ಮೇಲೆ ಹಾಕಿದೆ. ಬಿಸಿನೀರು ತಾರಸಿಯ ತುಂಬ ಹರಿಯಿತು. ಓಣಿಯಲ್ಲಿದ್ದವರಲ್ಲಿ ಒಬ್ಬರೂ ತಲೆಯೆತ್ತಿ ನೋಡಲಿಲ್ಲ.

ಕೂಡಲೇ ನಾನು ಲಾಂಡ್ರಿಗೆ ಹೋದೆ. ಲಾಂಡ್ರಿಯವರು, ಇದೇನಕ್ಕಾ, ನನ್ನ ಹೀಟರ್ ಮೇಲೇನೇ ಕಣ್ಣು ಬಿತ್ತಾ ನಿಮ್ಗೆ ಎಂದು ಕೂಗಾಡಿದರು. ಕೂಗಾಡುವುದು ಅವರ ಹಕ್ಕು. ಹೌದಣ್ಣ, ನಾನೇ ಹಾಕಿದ್ದು, ನಾನೇ ಸರಿ ಮಾಡಿಸ್ತೀನಿ ಎಂದೆ. 12-15ಕ್ಕೆ ನಾದಿನಿಯ ಮಗ ಬಂದ. ಮಾವ ಹಾರಿಸಿದ್ದು, ಕೈತಪ್ಪಿ ಬಿತ್ತು ಅಂತ ಒಂದು ಪೊಲೀಸ್ ಹೇಳಿಕೆ ಇದ್ದರೆ ಸಾಕು, ಹಾವೂ ಸಾಯತ್ತೆ ಕೋಲೂ ಮುರಿಯಲ್ಲ ಅತ್ತೆ ಎಂದ. ಇಲ್ಲಿ ಹಾವು ಯಾವುದಪ್ಪಾ, ನಾನಾ ಎಂದು ಕೇಳಿದೆ. ಅವನು ಮಾವನ ಮುಖ ನೋಡಿದ. ಹೇಳಿಕೆಗೀಳಿಕೆ ಏನೂ ಬೇಡ ಎಂದು ಖಡಾಖಂಡಿತವಾಗಿ ಹೇಳಿ ನಾನು ಒಳಗೆ ಹೋದೆ.

19ರಂದು ನನ್ನ ಗಂಡನ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಆ ಹೇಳಿಕೆಯ ನಕಲು ಸಿಕ್ಕಿತು. ಬಚ್ಚಲಲ್ಲೇ ನಿಂತು ಓದಿದೆ. ‘ನನ್ನ ಪತ್ನಿ ಸ್ಥಳದಲ್ಲಿದ್ದರೂ ಆಕೆಗೆ ಡ್ರೋನ್ ಬಗ್ಗೆ ತಿಳುವಳಿಕೆ ಇರುವುದಿಲ್ಲ’ ಎಂದು ಬರೆಸಿದ್ದರು. ಕಪ್ ಅವರಿಗೆ ಹೋದಾಗ ಸುಮ್ಮನಿದ್ದೆ, ಪೆನ್ಸಿಲ್ ಗುರುತು ಒರೆಸಿದ್ದು ತಿಳಿದಾಗಲೂ ಹಲ್ಲು ಕಚ್ಚಿಕೊಂಡಿದ್ದೆ. ಈ ಸಾಲು ಓದಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. 24 ವರ್ಷದಲ್ಲಿ ಒಂದು ಲೋಡನ್ನೂ ಬೀಳಿಸಿದವಳಲ್ಲ ನಾನು. ಹನ್ನೊಂದು ಜನರ ತಲೆ ಉಳಿಸಿದ ಕೆಲಸವನ್ನು ಕೈತಪ್ಪಿದ್ದು ಎಂದು ಸರ್ಕಾರಿ ಕಾಗದದಲ್ಲಿ ಬರೆಸಿದರೆ ಕೇಳಿಕೊಂಡು ಕೂರಲೇ?

22ರ ಭಾನುವಾರ ಗೋದಾಮಿನಲ್ಲಿ ಲೋಡಿಗೆ ಹಗ್ಗ ಬಿಗಿಯುವ ಇಬ್ಬರನ್ನು ಕರೆಸಿ, ನಮ್ಮ ತಾರಸಿಯ ಹೀಟರನ್ನು ಬಿಚ್ಚಿಸಿ, ಓಣಿಯ ಆಚೆಗೆ ಸಾಗಿಸಿ, ಲಾಂಡ್ರಿಯ ತಾರಸಿಗೆ ಕೂರಿಸಿದೆ. ಕೆಲಸ ಬೆಳಿಗ್ಗೆ 8ಕ್ಕೆ ಶುರುವಾಗಿ 11-20ಕ್ಕೆ ಮುಗಿಯಿತು. ಒಂದು ಟ್ಯೂಬೂ ಬಿರುಕು ಬಿಡಲಿಲ್ಲ. ನನ್ನ ಗಂಡ ಕೆಳಗೆ ನಿಂತು, ನಾಳೆಯಿಂದ ಸ್ನಾನ ಹೇಗೇ ಎಂದು ಕೇಳಿದರು. ತಣ್ಣೀರಲ್ಲಿ ಮಾಡಿ, ತಲೆ ತಣ್ಣಗಾಗುತ್ತೆ ಎಂದೆ. ಲಾಂಡ್ರಿಯವರು ದೂರು ವಾಪಸ್ ತಗೊಳ್ತೀನಕ್ಕಾ ಎಂದರು. ಅಣ್ಣಾ, ನಾಳೆ ಒಂದು ದಿನ ತಡೀರಿ, ಠಾಣೆಯ ಕಾಗದದಲ್ಲಿರೋ ಸುಳ್ಳು ತಿದ್ದಿಸಿ ಬರ್ತೀನಿ ಎಂದು ನಾನೇ ತಡೆದೆ.

ಈ ದಿನ 23, ಬೆಳಿಗ್ಗೆ 11 ಗಂಟೆಗೆ ಇಲ್ಲಿಗೆ ಬಂದೆ. ಯಜಮಾನರು ಹೇಳಿಕೆ ಕೊಟ್ಟಾಗಿದೆಯಲ್ಲಮ್ಮ, ಮುಗಿದದ್ದನ್ನ ಯಾಕೆ ಕೆದಕ್ತೀರಿ ಎಂದು ರೈಟರ್ ಅವರು ಕೇಳಿದರು. ಅದು ಅವರ ಹೇಳಿಕೆ, ಇದು ನನ್ನದು ಎಂದು ಕುರ್ಚಿ ಎಳೆದುಕೊಂಡು ಕೂತೆ. 11-50ಕ್ಕೆ ನನ್ನ ಗಂಡ ಓಡಿಬಂದು ಬೆಂಚಿನ ಮೇಲೆ ಕೂತರು. ಮರ್ಯಾದೆ ಹೋಗುತ್ತೆ ಕಣೇ, ಕ್ಲಬ್ಬಲ್ಲಿ ಹೇಗೆ ಮುಖ ತೋರಿಸ್ಲಿ ಎಂದರು. ನನ್ನ ಮರ್ಯಾದೆ ಹೋಗಿ ಎರಡು ವರ್ಷ ಆಯ್ತು, ಒಂದು ದಿನ ಕೇಳಿದ್ರಾ ಎಂದೆ. ಅವರು ಬೆಂಚಿನಿಂದ ಎದ್ದು ನನ್ನ ಕುರ್ಚಿಯ ಪಕ್ಕಕ್ಕೆ ಬಂದರು. ಬೇಕೆಂದೇ ಹಾಕಿದೆ ಅನ್ನೋದನ್ನಾದ್ರೂ ಬಿಡಿಸೇ, ನಿನ್ನ ಮೇಲೆ ಕೇಸಾದ್ರೆ ನಾನೇನು ಮಾಡ್ಲಿ ಎಂದರು. ಈ ಸಲ ಅವರು ಕ್ಲಬ್ಬಿನ ಹೆಸರು ಎತ್ತಲಿಲ್ಲ, ಅದನ್ನೂ ನಾನು ಗಮನಿಸಿದೆ. ಬಿಡಿಸಲಿಲ್ಲ.

ತಮ್ಮ ಹೇಳಿಕೆಯನ್ನು ತಿದ್ದಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಮೇಲೆ ಬರೆದಿರುವುದನ್ನು ರೈಟರ್ ಅವರು ಓದಿ ಹೇಳಿದರು, ಕಿವಿಯಿಟ್ಟು ಕೇಳಿದ್ದೇನೆ. ಪ್ರತಿ ಮಾತೂ ನಿಜ, ಪ್ರತಿ ಮಾತೂ ನನ್ನದು. ಡ್ರೋನ್ ನನ್ನ ಗಂಡನ ಹೆಸರಿನಲ್ಲಿದೆ, ಪಾಲಿಸಿಯೂ ಅವರ ಹೆಸರಿನಲ್ಲಿದೆ. ಕೇಸು ಹಾಕುವುದಿದ್ದರೆ ಅದೊಂದನ್ನಾದರೂ ದಯವಿಟ್ಟು ನನ್ನ ಹೆಸರಿನಲ್ಲಿ ಹಾಕಬೇಕು.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನಾಂಕ: 23, ಸೋಮವಾರ, ಮಧ್ಯಾಹ್ನ 12-35
ಸಹಿ: ಹಾಕಿದೆ (ಕ್ರೇನ್ ಆಪರೇಟರ್)