ವರ್ಲಿನ್ ಬಿಟ್ಟುಕೊಡದ ವಿಮಾನ

ಡೆಲ್ಮರ್ ನನ್ನ ಚಿಕ್ಕಪ್ಪನ ಮಗ. ಅವನಿಗೆ ಆದದ್ದನ್ನೇ ಹೇಳುತ್ತೇನೆ, ಒಂದು ಮಾತೂ ಸೇರಿಸುವುದಿಲ್ಲ.

ನಮ್ಮ ಲೂಯಿಸಿಯಾನದ ಒಂದು ಮೀಸಲು ಯುದ್ಧವಿಮಾನ ದಳದಲ್ಲಿ ಅವನದು ವಿಮಾನ ಸಿದ್ಧಪಡಿಸುವ ಕೆಲಸ. ಮೀಸಲು ದಳದವರೆಂದರೆ ವಾರವೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡುವವರು, ಅಂಚೆ ಹಂಚುವವರು. ತಿಂಗಳಿಗೊಂದು ಶನಿವಾರ, ಭಾನುವಾರ ಸಮವಸ್ತ್ರ ತೊಡುತ್ತಾರೆ. ಆದರೆ ಕರೆ ಬಂದರೆ ಮೂರೇ ದಿನದಲ್ಲಿ ಖಾಯಂ ಸೇನೆಯ ಪಕ್ಕ ನಿಲ್ಲಬೇಕು. ಆ ಸಲ ಕರೆ ಬಂದಿತ್ತು. ಸೋಮವಾರ ಬೆಳಿಗ್ಗೆ ಹೊರಡಬೇಕು.

ಅವನ ವಿಮಾನದ ಪಕ್ಕೆಯ ಮೇಲೆ ಅದನ್ನು ನೋಡಿಕೊಳ್ಳುವವರ ಎರಡು ಹೆಸರು. ಮೇಲೆ ದೊಡ್ಡದಾಗಿ ವರ್ಲಿನ್... ಅವನು ಅಲ್ಲಿ ವಾರವಿಡೀ ಇರುವ ಸಂಬಳದವನು. ಕೆಳಗೆ ಸಣ್ಣದಾಗಿ ಡೆಲ್ಮರ್.

"ಏನಪ್ಪಾ ರಜಾದಿನದ ಸಿಪಾಯಿ, ಬಂದ್ಯಾ ನನ್ನ ವಿಮಾನ ನೋಡೋಕೆ?" ಎಂದು ವರ್ಲಿನ್ ಕೆಣಕುತ್ತಿದ್ದ. ಒಂಬತ್ತು ವರ್ಷ ಡೆಲ್ಮರನ ಹೊಟ್ಟೆ ಉರಿದಿತ್ತು.

ಗುರುವಾರ ಎದೆನೋವು ಬಂದು ವರ್ಲಿನ್ ತೀರಿಕೊಂಡ. ಶನಿವಾರ ಸಂಜೆ, ಅವನನ್ನು ಮಣ್ಣು ಮಾಡುವ ಮೊದಲೇ, ಡೆಲ್ಮರ್ ಆ ದೊಡ್ಡ ಹೆಸರನ್ನು ಕೆರೆದುಹಾಕಿದ. ಅಲ್ಲಿನ ಪ್ರತಿ ಸಲಕರಣೆಗೂ ಪೆಟ್ಟಿಗೆಯಲ್ಲಿ ಅದರದೇ ಆಕಾರದ ಗುಂಡಿ ಇದೆ. ಒಂದು ಖಾಲಿಯಿದ್ದರೂ ವಿಮಾನ ಏಳುವಂತಿಲ್ಲ. ಆದರೆ ಸಲಕರಣೆ ತೆಗೆದರೆ ಕಾರಣ ಬರೆಯಬೇಕು... ಬರೆಯಲು ನಾಚಿಕೆ. ತನ್ನ ಜೇಬಿನ ಚಾಕುವಿನಿಂದಲೇ ಕೆರೆದ.

ರಾತ್ರಿ ಹನ್ನೊಂದಕ್ಕೆ ಮನೆಗೆ ಹೊರಟ. ಕಾರು ನಿಲ್ಲಿಸುವ ಜಾಗದಲ್ಲೊಂದು ಹಳೆಯ ಓಕ್ ಮರ. ಅದರ ಕೆಳಗೆ ಬಂದಾಗ ಬೆನ್ನ ಹಿಂದೆ ಕೇಳಿಸಿತು.

ಟಕ್... ಟಕ್... ಟಕ್.

ಬೆರಳಿನ ಉಂಗುರ ಲೋಹಕ್ಕೆ ತಾಗುವ ಸದ್ದು. ಕೆಲಸ ಮುಗಿಸಿ ಹೊರಡುವಾಗ ವರ್ಲಿನ್ ಮುಂದಿನ ಚಕ್ರಕ್ಕೆ ಹಾಗೆ ಬಡಿಯುತ್ತಿದ್ದ.

ಡೆಲ್ಮರ್ ವಿಮಾನದ ಬಳಿಗೆ ಹಿಂದಿರುಗಿದ. ರೆಕ್ಕೆಯ ಕೆಳಗೆ ಯಾರೋ ಕೂತು ಬಟ್ಟೆಯಿಂದ ಒರೆಸುತ್ತಿದ್ದರು. ಸರಕ್... ಸರಕ್...

"ಯಾರದು?"

"ಮೆಲ್ಲಗೆ ಕಣೋ... ಅದು ಮಲಗಿದೆ."

ದನಿ ವರ್ಲಿನ್‌ನದೇ. ಆದರೂ ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ. "ಈಗ ಇದು ನಂದು, ವರ್ಲಿನ್."

"ನಿಂದಾ? ಹಾಗಾದ್ರೆ ನಿನ್ನ ಚಾಕು ಎಲ್ಲೋ?"

ಜೇಬು ಮುಟ್ಟಿಕೊಂಡ. ಖಾಲಿ! ತಲೆಯೆತ್ತಿದರೆ ರೆಕ್ಕೆಯ ಕೆಳಗೆ ಯಾರೂ ಇಲ್ಲ.

ಆ ವಿಮಾನದ ಗಾಳಿ ಎಳೆಯುವ ಬಾಯಿ ಹೆಸರಿನ ಕೆಳಗೇ ಇದೆ. ಎಂಜಿನ್ ಚಾಕು ನುಂಗಿದರೆ ಪೈಲಟ್ ಉಳಿಯುವುದಿಲ್ಲ. ಬೆಳಗಿನ ತನಕ ತೆವಳಿ ಹುಡುಕಿದ, ಸಿಗಲಿಲ್ಲ. ಚಾಕು ಕಳೆದದ್ದನ್ನು ಮುಚ್ಚಿಟ್ಟಿದ್ದರೆ ವಿಮಾನ ಅವನೊಬ್ಬನ ಹೆಸರಲ್ಲಿ ಏಳುತ್ತಿತ್ತು. ದೇವರ ದಯೆ, ಅಧಿಕಾರಿಯ ಮುಂದೆ ನಿಂತು ಒಪ್ಪಿಕೊಂಡ.

"ಸ್ವಂತ ಚಾಕು ತಂದ್ಯಾ? ವಿಮಾನದ ಹತ್ರ? ಬುದ್ಧಿ ಇದೆಯೇನಯ್ಯಾ ನಿಂಗೆ?"

ವಿಮಾನವನ್ನು ಬಿಚ್ಚಿ ಹರಡಿದರು. ಏನೂ ಸಿಗಲಿಲ್ಲ. ಬದಲಿಗೆ ಬೇರೊಂದು ವಿಮಾನ ಹೋಗುವುದೆಂದಾಯಿತು, ಬೇರೆಯವನ ಹೆಸರು ಹೊತ್ತು. ಡೆಲ್ಮರ್ ಊರಲ್ಲೇ ಉಳಿದ. ವರ್ಲಿನ್ ಬಂದದ್ದು ಪೈಲಟ್‌ನ ಜೀವ ಉಳಿಸಲೋ, ವಿಮಾನ ಬಿಟ್ಟುಕೊಡಲಾರದೆಯೋ... ನಾನು ಹೇಳಲಾರೆ.

ಭಾನುವಾರ ಮಧ್ಯಾಹ್ನ ಚರ್ಚಿನಲ್ಲಿ ಕೊನೆಯ ದರ್ಶನಕ್ಕೆ ಶವಪೆಟ್ಟಿಗೆ ತೆರೆದರು. ಶುಕ್ರವಾರವೇ ಬಟ್ಟೆ ತೊಡಿಸಿ ಬೀಗ ಹಾಕಿದ್ದ ಪೆಟ್ಟಿಗೆ ಅದು. ವರ್ಲಿನ್‌ನ ಹೆಂಡತಿ ಓಪಲ್ ಅವನ ಕೈ ಸವರಿದಳು... ತಟ್ಟನೆ ನಿಲ್ಲಿಸಿದಳು.

"ಇದು ಯಾರದು?"

ಪೆಟ್ಟಿಗೆಯ ತಲೆಯ ಕಡೆ ಬೈಬಲ್ ಹಿಡಿದು ನಿಂತಿದ್ದವನು ನಾನೇ. ಕಣ್ಣಾರೆ ಕಂಡಿದ್ದೇನೆ. ವರ್ಲಿನ್‌ನ ಬೆರಳುಗಳ ನಡುವೆ ಮೂಳೆಯ ಹಿಡಿಯ ಚಾಕು, ಹಿಡಿಯ ಮೇಲೆ ಡೆಲ್ಮರ್ ಕೊರೆದ ತನ್ನ ಹೆಸರು. ಅಲಗಿಗೆ ವಿಮಾನದಿಂದ ಕೆರೆದ ಬೂದು ಬಣ್ಣದ ಚೂರುಗಳು ಇನ್ನೂ ಅಂಟಿಕೊಂಡಿದ್ದವು.